ಪಡುವಲ ಬಾಗಿಲು

"ಯಾವ ಬಕೆಟ್ಟಿಗೆ ಅದ್ದಿದ ಬಟ್ಟೆ ಅದು? ಕಣ್ಣಿಗೇನು ಮಣ್ಣು ಬಿದ್ದಿದ್ಯಾ, ದರಿದ್ರ ಮುಂಡೆ?"

ಮೂಡಲ ಪಕ್ಷದ ಯಜಮಾನ ಒಂದು ಕಾಲು ಹೊಸ್ತಿಲೊಳಗೆ, ಒಂದು ಕಾಲು ಹೊರಗೆ ಇಟ್ಟುಕೊಂಡು ಅರಚುತ್ತಿದ್ದ. ಮಂಡಿಯೂರಿ ಹೊಸ್ತಿಲು ಒರೆಸುತ್ತಿದ್ದ ಹೆಂಗಸು, ಎಲ್ಲರ ಬಾಯಲ್ಲೂ ಜೋಡಿಬಕೆಟ್ಟು, ತನ್ನ ಕೈಯಲ್ಲಿದ್ದ ಬಟ್ಟೆ ನೋಡಿಕೊಂಡಳು. ನೀಲಿ ಬಟ್ಟೆ. ಪಡುವಲದವರದ್ದು. ಹಿಂದಿನ ದಿನವಿಡೀ ಚರಂಡಿ ಬಳಿದ ಸುಸ್ತಿನಲ್ಲಿ ಕೈ ತಪ್ಪಿತ್ತು.

ನಗರಸಭೆಯ ಆ ಸಭಾಂಗಣಕ್ಕೆ ಎರಡು ಬಾಗಿಲು. ಮೂಡಲ ಪಕ್ಷದವರು ಮೂಡಲ ಬಾಗಿಲಿಂದ ಬರಬೇಕು, ಪಡುವಲ ಪಕ್ಷದವರು ಪಡುವಲ ಬಾಗಿಲಿಂದ. ಮೂಡಲ ಕಡೆಯ ನೆಲಕ್ಕೆ ಹಳದಿ ಬಕೆಟ್ಟು, ಪಡುವಲ ಕಡೆಯ ನೆಲಕ್ಕೆ ನೀಲಿ ಬಕೆಟ್ಟು. ಒಂದರ ನೀರು ಇನ್ನೊಂದರ ನೆಲ ಮುಟ್ಟಿದರೆ ಅವತ್ತಿನ ಸಭೆ ಬರಖಾಸ್ತು. ಹದಿನಾಲ್ಕು ವರ್ಷದಿಂದ ಎರಡು ಕೈಯಲ್ಲಿ ಎರಡು ಬಕೆಟ್ಟು ಹೊತ್ತು ಹೊತ್ತು ಆಕೆಯ ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಷ್ಟೇ ಉಳಿದಿತ್ತು. ಆಕೆ ಹೊಸ್ತಿಲನ್ನು ಹಳದಿ ಬಟ್ಟೆಯಿಂದ ಮೂರು ಸಲ ಒರೆಸಿದ ಮೇಲೆಯೇ ಯಜಮಾನನ ಎರಡನೆಯ ಕಾಲು ಒಳಗೆ ಬಂದದ್ದು.

ಜೋಡಿಬಕೆಟ್ಟಿಗೆ ಈ ಭೂಮಿಯ ಮೇಲೆ ಬೇಕಾಗಿದ್ದುದು ಒಂದೇ ಒಂದು ವಸ್ತು: ಬಾಗಿಲು. ಆಕೆ ಇದ್ದ ಪೌರಕಾರ್ಮಿಕರ ಓಣಿಯಲ್ಲಿ ಅರವತ್ತು ಮನೆ, ಅಷ್ಟಕ್ಕೂ ಒಂದು ಕಕ್ಕಸು, ಆ ಕಕ್ಕಸಿಗೆ ಬಾಗಿಲಿಲ್ಲ. ಒಬ್ಬಳು ಕೂತರೆ ಇನ್ನೊಬ್ಬಳು ಹಳೆಯ ದುಪ್ಪಟಿ ಅಡ್ಡ ಹಿಡಿದು ನಿಲ್ಲಬೇಕು. ಗಾಳಿ ಬೀಸಿದರೆ ಮಾನ ದೇವರಿಗೇ ಬಿಟ್ಟದ್ದು. ಎಂಟು ತಿಂಗಳ ಬಸುರಿ ಸೊಸೆ ಹೋಗುವುದನ್ನು ತಪ್ಪಿಸಿಕೊಳ್ಳಲು ನೀರು ಕುಡಿಯುವುದನ್ನೇ ಬಿಟ್ಟಿದ್ದಳು. ಹೀಗೇ ಆದರೆ ತಾಯಿಯೂ ಉಳಿಯಲ್ಲ, ಕೂಸೂ ಉಳಿಯಲ್ಲ ಎಂದು ನರ್ಸಮ್ಮ ಬೈದು ಕಳಿಸಿದ್ದಳು. ಅತ್ತೆ ಗದರಿಸಿ ಲೋಟ ಬಾಯಿಗಿಟ್ಟರೆ ಹುಡುಗಿ ತುಟಿ ಒದ್ದೆ ಮಾಡಿಕೊಂಡು ಲೋಟ ಕೆಳಗಿಡುತ್ತಿದ್ದಳು.

ಬಾಗಿಲು ಕೊಡಿ ಎಂಬ ಅರ್ಜಿ ಸಭೆಯ ಮುಂದೆ ಬಂದು ಹನ್ನೊಂದು ವರ್ಷವಾಗಿತ್ತು. ಯಾರೂ ಬೇಡ ಅಂದವರಲ್ಲ. ಬಾಗಿಲು ಒಳಕ್ಕೆ ತೆರೆಯಬೇಕೆಂದು ಮೂಡಲದವರು, ಹೊರಕ್ಕೆ ತೆರೆಯಬೇಕೆಂದು ಪಡುವಲದವರು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವ ಹಾಗೆ. ಬಾಗಿಲುಗಳ ಅಧ್ಯಯನಕ್ಕೆಂದು ಒಂದು ಸಮಿತಿ ಪರದೇಶಕ್ಕೂ ಹೋಗಿ ಬಂತು. ಅಲ್ಲಿನ ಬಾಗಿಲುಗಳು ತಾವಾಗಿಯೇ ಪಕ್ಕಕ್ಕೆ ಸರಿಯುತ್ತವೆ ಎಂದು ವರದಿ ಕೊಟ್ಟಿತು.

ಅಷ್ಟರಲ್ಲಿ ಊರಿನ ಚೆಂಡಾಟದ ತಂಡದ ಧಣಿ, ಮಾವನ ಮನೆಯಲ್ಲಿ ಮುನಿಸಿಕೊಂಡ ಅಳಿಯನ ಹಾಗೆ, ಹೊಸ ಕ್ರೀಡಾಂಗಣ ಕಟ್ಟಿಕೊಡದಿದ್ದರೆ ತಂಡ ಎತ್ತಿಕೊಂಡು ಬೇರೆ ಊರಿಗೆ ಹೋಗುತ್ತೇನೆ ಅಂದ. ಎರಡೂ ಪಕ್ಷಗಳನ್ನು ಒಪ್ಪಿಸಲು ಒಬ್ಬ ಸಾಹೇಬರನ್ನೂ ಕಳಿಸಿದ. ಒಮ್ಮತದ ಸಾಹೇಬರು ಎಂದೇ ಅವರ ಹೆಸರು ಬಿತ್ತು. ಅವರು ಬೆಳಿಗ್ಗೆ ಮೂಡಲದವರ ಜೊತೆ ಉಂಡು, ಸಂಜೆ ಪಡುವಲದವರ ಜೊತೆ ಉಂಡು, ಎರಡೂ ಕಡೆ ಇಂಥ ರುಚಿ ಇನ್ನೆಲ್ಲೂ ಇಲ್ಲ ಎಂದರು. ಮೂಡಲ ಗ್ಯಾಲರಿಗೆ ಹಳದಿ, ಪಡುವಲ ಗ್ಯಾಲರಿಗೆ ನೀಲಿ. ಮೈದಾನದ ಹುಲ್ಲಿನ ಬಣ್ಣಕ್ಕೆ ಮಾತ್ರ ಎರಡು ದಿನ ಚರ್ಚೆಯಾಯಿತು. ಕಟ್ಟುವ ಖರ್ಚು ಊರಿನದು, ಟಿಕೆಟ್ಟಿನ ಹಣ ಧಣಿಯದು ಎಂಬ ವಿಷಯದಲ್ಲಿ ಯಾರಿಗೂ ಭಿನ್ನಾಭಿಪ್ರಾಯವೇ ಬರಲಿಲ್ಲ.

ಸಾಹೇಬರು ಕ್ರೀಡಾಂಗಣದ ಪುಟ್ಟ ಮಾದರಿಯೊಂದನ್ನು ಮಾಡಿಸಿ ಮೇಜಿನ ಮೇಲಿಟ್ಟಿದ್ದರು. ಧೂಳು ಒರೆಸುವಾಗ ಜೋಡಿಬಕೆಟ್ಟು ಬಗ್ಗಿ ನೋಡಿದಳು. ಗ್ಯಾಲರಿಯ ಕೆಳಗೆ ಬೆರಳುಗಾತ್ರದ ಬಾಗಿಲುಗಳ ಸಾಲೇ ಸಾಲು.

"ಇವೆಲ್ಲ ಏನು ಸಾಹೇಬ್ರೇ?"

"ಶೌಚಾಲಯ ಕಣಮ್ಮ. ನಾನೂರ ಹನ್ನೆರಡು."

"ಇಷ್ಟಕ್ಕೂ ಬಾಗ್ಲು ಉಂಟಾ?"

ಬಾಗಿಲಿಲ್ಲದೆ ಯಾರಾದರೂ ಹೋಗುತ್ತಾರೆಯೇ ಎಂದು ಸಾಹೇಬರು ನಕ್ಕರು. ಆಕೆ ನಗಲಿಲ್ಲ. ಆಕೆಗೆ ಆ ಮಾದರಿಯನ್ನು ಬಕೆಟ್ಟಿನಲ್ಲಿ ಮುಳುಗಿಸಿಬಿಡಬೇಕು ಅನಿಸಿತು. ಯಾವ ಬಕೆಟ್ಟು ಎಂದು ಮತ್ತೆ ಜಗಳವಾದೀತು ಎಂದು ಸುಮ್ಮನಾದಳು.

ಮತದಾನದ ಹಿಂದಿನ ದಿನ ಸಾಹೇಬರಿಗೆ ಇನ್ನೊಂದು ಹೊಳೆಯಿತು. ಇನ್ನು ಮೇಲೆ ಎರಡು ಬಾಗಿಲು ಯಾಕೆ? ಮುಂದಿನ ಗೋಡೆಯ ನಡುವೆ ಒಡೆಸಿ ಒಂದೇ ಅಗಲ ದಾರಿ ಮಾಡಿಸಿದರು, ಅದಕ್ಕೆ ಪರದೆ ಬಿಟ್ಟರು. ಹಳೆಯ ಎರಡು ಬಾಗಿಲುಗಳನ್ನು ಕಿತ್ತು ಹಿತ್ತಲ ಗೋಡೆಗೆ ಒರಗಿಸಿ, ಆ ಜಾಗಕ್ಕೆ ಇಟ್ಟಿಗೆ ತುಂಬಿಸಿದರು. ಕ್ರೀಡಾಂಗಣದ ಗಾಜಿನ ಪೆಟ್ಟಿಗೆಯಲ್ಲಿ ಆ ಬಾಗಿಲುಗಳನ್ನು ನೆನಪಿಗಾಗಿ ಇಡುವುದಂತೆ.

ಇಬ್ಬರು ಯಜಮಾನರೂ ಒಟ್ಟಿಗೆ ಬಾಗಿಲು ನೋಡಲು ಬಂದಾಗ ಜೋಡಿಬಕೆಟ್ಟು ಕೈ ಮುಗಿದು ನಿಂತಳು. ಹೇಗಿದ್ದರೂ ಬೇಡವಾದದ್ದು, ಒಂದನ್ನು ಓಣಿಗೆ ಕೊಟ್ಟರೆ ಸೊಸೆಯ ಜೀವ ಉಳಿದೀತು ಎಂದು ಕೇಳಿಕೊಂಡಳು.

ಪಡುವಲದ ಯಜಮಾನ ಕೆಂಡವಾದ. "ನಮ್ಮಪ್ಪ ಓಡಾಡಿದ ಬಾಗ್ಲು ಕಣೇ ಇದು. ನಿನ್ನ ಸೊಸೆ ಹೇಲೋಕೆ ಬೇಕಾ?"

"ಬಸುರಿ ಆದ್ರೆ ಇನ್ನೊಂದು ತಿಂಗ್ಳು ತಡ್ಕೊಳ್ಳೋಕೆ ಹೇಳು" ಅಂದ ಮೂಡಲದ ಯಜಮಾನ. ಇಬ್ಬರೂ ಒಬ್ಬರ ಭುಜ ಒಬ್ಬರು ಹಿಡಿದುಕೊಂಡು ನಕ್ಕರು. ಹದಿನಾಲ್ಕು ವರ್ಷದಲ್ಲಿ ಅವರಿಬ್ಬರೂ ಒಟ್ಟಿಗೆ ನಕ್ಕದ್ದನ್ನು ಆಕೆ ನೋಡಿದ್ದು ಅದೇ ಮೊದಲು. ಅವತ್ತು ಮನೆಗೆ ಹೋದವಳು ಊಟ ಮಾಡಲಿಲ್ಲ, ಓಣಿಯ ಮನೆಮನೆಗೂ ಹೋಗಿ ಮಾತಾಡಿ ಬಂದಳು.

ಮರುದಿನ ಮಧ್ಯಾಹ್ನ ಪ್ರತಿಯೊಂದು ಕೈಯೂ ಮೇಲೆದ್ದು ಕ್ರೀಡಾಂಗಣ ಮಂಜೂರಾಯಿತು. ಚಪ್ಪಾಳೆ ಶುರುವಾಯಿತು. ಮೊದಲು ನಿಲ್ಲಿಸಿದವರಿಗೆ ಕ್ರೀಡೆಯ ಮೇಲೆ ಪ್ರೀತಿ ಕಡಿಮೆ ಅಂದುಕೊಂಡಾರು ಎಂಬ ಭಯಕ್ಕೆ ಮೂಡಲದವರು ನಿಲ್ಲಿಸಲಿಲ್ಲ; ಅವರು ನಿಲ್ಲಿಸಲಿಲ್ಲವೆಂದು ಪಡುವಲದವರೂ ನಿಲ್ಲಿಸಲಿಲ್ಲ. ಹೊರಗಿದ್ದ ಕಾವಲುಗಾರನೂ ಒಳಗೆ ಓಡಿ ಚಪ್ಪಾಳೆಗೆ ಸೇರಿಕೊಂಡ. ಅದು ನಲವತ್ತು ನಿಮಿಷ ನಡೆಯಿತು. ಅಷ್ಟು ಹೊತ್ತಿನಲ್ಲಿ ಎಂಟು ಜನ ಹೆಂಗಸರು ಹಿತ್ತಲಿಂದ ಪಡುವಲ ಬಾಗಿಲನ್ನು ಹೆಗಲ ಮೇಲೆ ಹೊತ್ತು, ಹಗಲು ಬೆಳಕಿನಲ್ಲಿ, ಮುಖ್ಯ ಬೀದಿಯಲ್ಲೇ ಓಣಿಗೆ ಹೋದರು. ಯಾರಾದರೂ ಕೇಳಿದರೆ ಕ್ರೀಡಾಂಗಣದ ಕೆಲಸ ಅಂದರು. ಜನ ದಾರಿ ಬಿಟ್ಟುಕೊಟ್ಟರು.

ಓಣಿಯ ಬಡಗಿ ಮಾವ ಕೀಲು ಬಡಿದ. ಕಕ್ಕಸಿನ ಗೋಡೆ ಎದೆಯುದ್ದ, ಬಾಗಿಲು ಒಂದೂವರೆ ಆಳೆತ್ತರ. ಮೇಲಿನ ಅರ್ಧ ಹಿತ್ತಾಳೆ ಗುಬುಟುಗಳ ಸಮೇತ ಆಕಾಶದಲ್ಲಿ ನಿಂತಿತ್ತು. ಸೊಸೆ ಅದನ್ನು ಕಣ್ತುಂಬ ನೋಡಿದಳು, ಮನೆಯೊಳಗೆ ಹೋಗಿ ಎರಡು ಚೊಂಬು ನೀರನ್ನು ಗಟಗಟ ಕುಡಿದು ಬಂದಳು.

ಸಂಜೆಯ ಹೊತ್ತಿಗೆ ಇಬ್ಬರು ಯಜಮಾನರು, ಒಮ್ಮತದ ಸಾಹೇಬರು, ಫೋಟೋ ತೆಗೆಯುವವರು, ಪೊಲೀಸಿನವರು ಎಲ್ಲ ಓಣಿಗೆ ನುಗ್ಗಿದರು. ಚಪ್ಪಾಳೆ ತಟ್ಟಿ ತಟ್ಟಿ ಅವರ ಅಂಗೈಗಳು ಊದಿಕೊಂಡಿದ್ದವು. ಜೋಡಿಬಕೆಟ್ಟು ಬಾಗಿಲ ಪಕ್ಕದಲ್ಲಿ ನಿಂತಿದ್ದಳು, ಕಾಲ ಬಳಿ ಎರಡೂ ಬಕೆಟ್ಟು ತುಂಬ ನೀರು.

"ತೆಗೀರಿ ಬಾಗ್ಲು, ಕಳ್ಳ ಮುಂಡೇವಾ" ಎಂದು ಪಡುವಲದ ಯಜಮಾನ ಬಾಗಿಲಿಗೆ ಗುದ್ದಿದ.

"ಒಳಗಿದ್ದೀನಿ" ಎಂದಿತು ಒಳಗಿನಿಂದ ಸೊಸೆಯ ದನಿ. ಮನೆಯಲ್ಲಿ ಯಾರೂ ಅವಳ ದನಿ ಅಷ್ಟು ಜೋರಾಗಿ ಕೇಳಿದ್ದಿಲ್ಲ.

ಒದ್ದು ಒಳಕ್ಕೆ ತಳ್ಳಿ ಎಂದು ಮೂಡಲದ ಯಜಮಾನ ಪೊಲೀಸರಿಗೆ ಹೇಳಿದ. ಬಾಗಿಲು ತಮ್ಮದು, ಹೊರಕ್ಕೇ ಎಳೆಯಬೇಕು ಎಂದು ಪಡುವಲದ ಯಜಮಾನ ಅಡ್ಡ ಬಂದ. ಪೊಲೀಸರು ಇಬ್ಬರ ಮುಖವನ್ನೂ ನೋಡುತ್ತ ನಿಂತರು. ಸಾಹೇಬರು ಇಬ್ಬರ ಕೈಯನ್ನೂ ಹಿಡಿದುಕೊಂಡು ಏನೋ ಹೇಳಲು ಹೊರಟರು.

ಜೋಡಿಬಕೆಟ್ಟು ಎರಡು ಹೆಜ್ಜೆ ಮುಂದೆ ಬಂದು ನಿಂತಳು.

"ಅವಸರ ಇದ್ರೆ ಸಾಲಲ್ಲಿ ನಿಂತ್ಕೊಳ್ಳಿ ಯಜಮಾನ್ರೇ" ಅಂದಳು. "ನಿಮಗಿಂತ ಮುಂಚೆ ಅರವತ್ತು ಮನೆ ಇದೆ."

ಅವರು ತಿರುಗಿ ನೋಡಿದರು. ಓಣಿಯ ತುದಿಯವರೆಗೂ ಹೆಂಗಸರು ಕೈಯಲ್ಲಿ ಚೊಂಬು ಹಿಡಿದು ಒಬ್ಬರ ಹಿಂದೆ ಒಬ್ಬರು ನಿಂತಿದ್ದರು. ಒಬ್ಬರೂ ಅಲುಗಾಡಲಿಲ್ಲ. ಒಳಗಿನಿಂದ ಸೊಸೆ ಅಗುಳಿಯನ್ನು ಇನ್ನೊಮ್ಮೆ ಭದ್ರಪಡಿಸಿಕೊಂಡಳು.