ಎಡಗಾಲಿನ ಬೂಟು

ನಾಹೀದಾ ಬೂಟು ಹೊಲಿಯುವುದನ್ನು ಕಲಿತದ್ದು ಹೊಟ್ಟೆಪಾಡಿಗಲ್ಲ. ತಮ್ಮ ಮಾಜೀದನ ಬೆರಳಿಲ್ಲದ ಎಡಗಾಲಿಗೆ ಹೊಂದುವಂಥದ್ದು ಗಂಗಾವತಿಯ ಯಾವ ಅಂಗಡಿಯಲ್ಲೂ ಸಿಗಲಿಲ್ಲ. ಕೊನೆಗೆ ತಾನೇ ಮಾಡಿದಳು. ಮೊದಲನೆಯದು ಕಚ್ಚಿತು, ಎರಡನೆಯದು ಜಾರಿತು, ಮೂರನೆಯದು ನಿಂತಿತು. ಆರು ವರ್ಷದಲ್ಲಿ ಅವಳ ಹೊಲಿಗೆ ಊರಲ್ಲಿ ಎಷ್ಟು ಹೆಸರಾಯಿತೆಂದರೆ, ಆ ಕಾಲನ್ನು ಸುಟ್ಟವನೇ ಒಂದು ದಿನ ಹೊಸ ಬೂಟು ಹಿಡಿದುಕೊಂಡು ಅವಳ ಅಂಗಡಿಯ ಮೆಟ್ಟಿಲು ಹತ್ತಿದ.

ಅವಳು ಯಾರೆಂದು ಅವನಿಗೆ ಗೊತ್ತಿರಲಿಲ್ಲ. ರೈಸ್ ಮಿಲ್ಲಿನ ಮಾಲೀಕ ಉಮಾಪತಿ ಮಾಜೀದನ ಮನೆಯವರ ಮುಖ ನೋಡಲು ಯಾವತ್ತೂ ಬಂದವನಲ್ಲ.

"ತಂಗೀ, ಇದರ ಅಟ್ಟಿ ಸುತ್ತ ಗಟ್ಟಿ ಹೊಲಿಗಿ ಹಾಕಬೇಕು. ಮುಂದಿನ ವಾರ ಇಂಡೋನೇಶಿಯಾಕ್ಕ ಹೊಂಟೀವಿ. ಜ್ವಾಲಾಮುಖಿ ನೋಡಾಕ."

"ಟಿವಿಯಾಗ ಕಾಣೂದಿಲ್ಲೇನ್ರಿ ಅದು?"

"ಟಿವಿಯಾಗ ಒಗ್ಗರಣಿ ಮಿರ್ಚಿನೂ ಕಾಣ್ತೈತಿ. ಹೊಟ್ಟಿ ತುಂಬತೈತೇನು?"

ತನ್ನ ಮಾತಿಗೆ ತಾನೇ ನಕ್ಕು, ಏಜೆಂಟ್ ಕಳಿಸಿದ ಪಟ್ಟಿಯನ್ನು ಫೋನಿನಲ್ಲಿ ತೋರಿಸಿದ. ಹೊಗೆಗೆ ಮಾಸ್ಕು, ಕಣ್ಣಿಗೆ ಕನ್ನಡಕ, ತಲೆಗೆ ಕಟ್ಟುವ ಬ್ಯಾಟರಿ. ಪಟ್ಟಿಯಲ್ಲಿಲ್ಲದ್ದನ್ನು ಹೆಂಡತಿ ಲಲಿತಾ ಸೇರಿಸಿದ್ದಳಂತೆ: ಖಡಕ್ ರೊಟ್ಟಿ, ಎರಡು ಡಬ್ಬಿ ಶೇಂಗಾ ಚಟ್ನಿ. ದಮ್ಮು ಬರಲೆಂದು ದಿನಾ ಬೆಳಿಗ್ಗೆ ಹೇಮಗುಡ್ಡ ಹತ್ತುತ್ತಿದ್ದ. ಬೂಟು ಪಳಗಲೆಂದು ಸಾಣಾಪುರದ ಬಂಡೆಗಳ ಮೇಲೂ ಓಡಾಡಿ ಬಂದಿದ್ದ.

"ನಾಲ್ಕು ದಿನ ಬಿಟ್ಟು ಬರ್ರಿ" ಎಂದಳು ನಾಹೀದಾ.

ಆರು ವರ್ಷದ ಹಿಂದೆ ಮಾಜೀದ ಉಮಾಪತಿಯ ಮಿಲ್ಲಿನಲ್ಲಿ ಹಮಾಲಿ ಮಾಡುತ್ತಿದ್ದ. ಬಾಯ್ಲರಿಗೆ ಹಾಕಿದ ಭತ್ತದ ಹೊಟ್ಟಿನ ಬೂದಿಯನ್ನು ಹಿಂದಿನ ಬಯಲಿನಲ್ಲಿ ಗುಡ್ಡೆ ಹಾಕುತ್ತಿದ್ದರು. ಒಂದು ಮಧ್ಯಾಹ್ನ ಗಾಳಿಗೆ ಭತ್ತ ಮುಚ್ಚುವ ತಾಡಪತ್ರಿ ಹಾರಿ ಅದರ ಮೇಲೆ ಬಿತ್ತು. "ತಣ್ಣಗಾಗೇತಿ, ಹೋಗಿ ತಗೊಂಬಾ" ಎಂದು ಉಮಾಪತಿ ಕಳಿಸಿದ. ಮೂರನೇ ಹೆಜ್ಜೆಗೆ ಎಡಗಾಲು ಮೊಳಕಾಲಿನ ತನಕ ಇಳಿಯಿತು. ಆಮೇಲೆ ಮ್ಯಾನೇಜರ್ ವಿರುಪಾಕ್ಷಿ ಮನೆಗೆ ಬಂದು, ಹುಡುಗ ಹೇಳದೆ ಕೇಳದೆ ಹೋದ, ಒಳಗೆ ಬೆಂಕಿ ಇದೆಯೆಂದು ಧಣಿಗೂ ಗೊತ್ತಿರಲಿಲ್ಲ ಎಂದು ಹೇಳಿ ಹೋದ.

ತಂದೆ ಮುರ್ತುಜಾಸಾಬರು ನಂಬಿದ್ದು ವಿರುಪಾಕ್ಷಿಯನ್ನು, ಮಗನನ್ನಲ್ಲ. ಮಗ ನೀರು ಕೇಳಿದರೂ ಅವರ ಬಾಯಿಂದ ಅದೇ ಮಾತು: "ನೋಡಿ ಕಾಲಿಡಬೇಕಿತ್ತಪಾ." ಮಾಜೀದ ಈಗ ಅಪ್ಪ ಇರುವ ಕೋಣೆಗೆ ಬರುವುದನ್ನೇ ಬಿಟ್ಟಿದ್ದ.

ಬಲಗಾಲಿನ ಬೂಟಿಗೆ ನಾಹೀದಾ ಮೇಣದ ದಾರದಿಂದ ಎರಡು ಸುತ್ತು ಹೊಲಿಗೆ ಹಾಕಿದಳು. ಎಡಗಾಲಿನದರ ಅಟ್ಟೆ ಬಿಚ್ಚಿ, ಮೂಲ ಹೊಲಿಗೆಯನ್ನೆಲ್ಲ ಕತ್ತರಿಸಿ, ಬರೀ ಅಂಟು ಹಚ್ಚಿ ಒತ್ತಿದಳು. ಅದೇ ಅಂಟಿನಿಂದ ಚರ್ಮಕ್ಕೆ ಅಂಟಿಸಿದ ರಬ್ಬರಿನ ಚೂರೊಂದನ್ನು ಕಾದ ಹಂಚಿನ ಮೇಲಿಟ್ಟು ನೋಡಿದಳು. ಹತ್ತು ಎಣಿಸುವಷ್ಟರಲ್ಲಿ ರಬ್ಬರು ಹಾಲಿನ ಕೆನೆಯ ಹಾಗೆ ಚರ್ಮದಿಂದ ಜಾರಿತು.

ಆದರೆ ಮೂರನೇ ದಿನ ಅವಳಿಗೆ ಕಸಿವಿಸಿ ಶುರುವಾಯಿತು. ಸಮುದ್ರದಾಚೆ ಅವನ ಕಾಲು ಬೆಂದರೆ ತನಗೆ ಕಾಣುವುದೆಲ್ಲಿ? ಅವನ ಕೂಗು ತನಗೆ ಕೇಳುವುದೆಲ್ಲಿ? ಅವಳು ಫೋನು ಮಾಡಿದಳು.

"ಸಾವ್ಕಾರ್ರಿ, ಬೂಟು ನಾನ ಮಿಲ್ಲಿಗೆ ತರ್ತೀನಿ. ಹೋಗೂಕಿಂತ ಮೊದ್ಲ ಒಮ್ಮಿ ಬಿಸಿ ಮ್ಯಾಲ ನಡದು ನೋಡೂದು ಛಲೋ."

"ಶಾಣ್ಯಾ ಅದಿ ನೀ. ಬಾ."

ಸ್ಕೂಟರ್ ಓಡಿಸಲು ಅಪ್ಪ ಬೇಕಿತ್ತು. ಮಿಲ್ಲಿನ ಹೆಸರು ಕೇಳಿ ಅವರು ಮುಖ ಸಿಂಡರಿಸಿದರು. "ಬೂಟು ಕೊಟ್ಟು ಬರೂದು ಅಷ್ಟ, ಅಬ್ಬಾ" ಎಂದಳು.

ಇಬ್ಬರೂ ಮಿಲ್ಲು ಮುಟ್ಟಿದಾಗ ಹಮಾಲರು ಚಹಾಕ್ಕೆ ಕೂತಿದ್ದರು; ಅಪ್ಪ ಸ್ಕೂಟರಿನಿಂದ ಇಳಿಯಲಿಲ್ಲ. ಉಮಾಪತಿ ಬೂಟು ಹಾಕಿಕೊಂಡು, ದಾರ ಬಿಗಿದು, ಎರಡು ಸಲ ಕುಪ್ಪಳಿಸಿ ನೋಡಿದ. "ಭಾಳ ಛಲೋ ಆಗ್ಯಾವ. ಎಲ್ಲಿ ಬಿಸಿ ಮಾಡ್ತಿ?"

ನಾಹೀದಾ ಹಿಂದಿನ ಬಯಲಿನ ಕಡೆ ಕೈ ಮಾಡಿದಳು. ಬೂದಿಯ ಗುಡ್ಡೆ ಮಲಗಿದ ಎಮ್ಮೆಯ ಹಾಗೆ ಕಪ್ಪಗೆ, ಸುಮ್ಮನೆ ಬಿದ್ದಿತ್ತು. ಮೇಲೆ ಒಂದು ಕಾಗೆ ಸಹ ಕೂತಿತ್ತು.

"ಅದರ ಮ್ಯಾಲ ನಾಲ್ಕ ಹೆಜ್ಜಿ ಹಾಕ್ರಿ."

ಉಮಾಪತಿ ಹೊಟ್ಟೆ ಹಿಡಿದು ನಕ್ಕ. "ಹುಚ್ಚಿ ಏನವಾ ನೀ? ಒಳಗ ಕೆಂಡ ಇರ್ತಾವ. ಮ್ಯಾಲ ನೋಡಾಕ ಅಷ್ಟ ತಣ್ಣಗ. ನಮ್ಮಪ್ಪನ ಕಾಲದಿಂದ ನೋಡೀನಿ ನಾ. ಬೆಕ್ಕು ಸೈತ ಹಾಯೂದಿಲ್ಲ ಅದರಾಗ."

ಅವಳಿಗೆ ಬೇಕಾಗಿದ್ದದ್ದು ಅವನ ಕಾಲು. ಸಿಕ್ಕಿದ್ದು ಅವನ ಬಾಯಿ. ಒಂದು ಗಳಿಗೆ ಅವಳಿಗೆ ಮೋಸಹೋದಂತೆನಿಸಿತು. ಆಗ ಹಿಂದೆ ಸ್ಕೂಟರಿನ ಸ್ಟ್ಯಾಂಡ್ ಹಾಕಿದ ಸದ್ದು ಕೇಳಿತು.

"ಅಪ್ಪನ ಕಾಲದಿಂದೇನ್ರಿ?" ಎಂದು ಮುರ್ತುಜಾಸಾಬರು ಮೆಲ್ಲಗೆ ಕೇಳಿದರು.

"ಹೌದು. ಯಾಕ?"

"ನಮ್ಮ ಮಾಜೀದ ಇಲ್ಲೇ ಹಮಾಲಿ ಮಾಡ್ತಿದ್ದ."

ಉಮಾಪತಿಯ ನಗು ಮೀಸೆಯ ಕೆಳಗೇ ನಿಂತಿತು. ಬಾಯ್ಲರ್ ನೋಡಿಕೊಳ್ಳುವ ಮುದಿಯಪ್ಪ ಆರು ವರ್ಷ ಬಾಯಿ ಮುಚ್ಚಿಕೊಂಡಿದ್ದವನು. ಚಹಾದ ಕಪ್ಪನ್ನು ಕೆಳಗಿಟ್ಟ.

"ಆವತ್ತ ನೀವ ಕಳಿಸಿದ್ರಿ, ಧಣಿ. ನಾ ಇಲ್ಲೇ ನಿಂತಿದ್ನಿ."

ಉಮಾಪತಿ ನಾಹೀದಾಳನ್ನು ಆಗಷ್ಟೇ ಕಂಡವನಂತೆ ನೋಡಿದ. ಆಮೇಲೆ ಅವನ ಕಣ್ಣು ತನ್ನ ಕಾಲಿನ ಕಡೆ ಇಳಿಯಿತು.

"ಬಲಗಾಲಿಂದು ಹೊಲದೀನ್ರಿ" ಎಂದಳು ಅವಳು. "ಎಡಗಾಲಿಂದು ಬರೇ ಅಂಟು. ಬಿಸಿ ತಾಕಿದ್ರ ಕಳಚತೈತಿ."

ತಣ್ಣನೆಯ ನೆಲದ ಮೇಲೇ ನಿಂತಿದ್ದರೂ ಅವನು ಎಡಗಾಲನ್ನು ತಟ್ಟನೆ ಮೇಲೆತ್ತಿದ. ಒಂಟಿ ಕಾಲಿನಲ್ಲಿ ತೂಗಾಡಿ, ಹಮಾಲರೆದುರು ಚೆಲ್ಲಿದ ಭತ್ತದ ಹೊಟ್ಟಿನಲ್ಲಿ ಕುಕ್ಕರಿಸಿ, ದಾರ ಹರಿಯುವಂತೆ ಎಳೆದು ಬೂಟು ಕಿತ್ತು ಎಸೆದ. ನಾಹೀದಾ ಅದನ್ನು ಎತ್ತಿಕೊಂಡಳು.

"ಹೊಲದು ಇಟ್ಟಿರ್ತೀನಿ. ಮನಿಗೆ ಬಂದು ಮಾಜೀದನ ಕೈಯಾಗಿಂದ ಇಸ್ಕೊಂಡು ಹೋಗ್ರಿ. ಈಗ ಹೇಳಿದ್ದನ್ನ ಅವನ ಮುಂದೂ ಹೇಳ್ರಿ."

ಅವನು ಬರಲಿಲ್ಲ. ಬೇರೆ ಬೂಟು ಕೊಂಡು ಜ್ವಾಲಾಮುಖಿ ನೋಡಿ ಬಂದನೆಂದೂ, ಊರಲ್ಲಿ ಯಾರೂ ಅದರ ಫೋಟೋ ತೋರಿಸೆಂದು ಕೇಳಲಿಲ್ಲವೆಂದೂ ಮುದಿಯಪ್ಪ ಹೇಳಿದ.

ಎಡಗಾಲಿನ ಬೂಟು ಈಗ ಅಂಗಡಿಯ ಬಾಗಿಲ ಮೊಳೆಗೆ ನೇತಾಡುತ್ತಿದೆ, ಎರಡು ಸುತ್ತು ಹೊಲಿಗೆಯೊಂದಿಗೆ. ಒಂಟಿ ಬೂಟು ಯಾರದೆಂದು ಗಿರಾಕಿಗಳು ಕೇಳುತ್ತಾರೆ. ನಾಹೀದಾ ತಲೆ ಎತ್ತುವುದಿಲ್ಲ. ಒಳಗಿನ ಸ್ಟೂಲಿನ ಮೇಲೆ ಮಾಜೀದ ದಾರಕ್ಕೆ ಮೇಣ ತಿಕ್ಕುತ್ತಿರುತ್ತಾನೆ. ಅವನಿಗೆ ಕೇಳುವಷ್ಟು ಗಟ್ಟಿಯಾಗಿ, ಪ್ರತಿ ಸಲವೂ ಮೊದಲಿನಿಂದ, ಮುರ್ತುಜಾಸಾಬರು ಶುರು ಮಾಡುತ್ತಾರೆ: "ಅದು ಉಮಾಪತಿ ಸಾವ್ಕಾರಂದು. ಕುಂದರ್ರಿ, ಹೇಳ್ತೀನಿ."