ನಲವತ್ತು ಸಾವಿರ ಟನ್ನಿನ ಕಾಗದ

ಬರೆದದ್ದುಣ್ಣೋ ಎಂ.ಬಿ.ಎ. ರಾಯ ಅಂತ ಒಂದು ಗಾದೆ. ಹಿರಿಯರು ಇದನ್ನು ಸ್ವಲ್ಪ ಬೇರೆ ಥರ ಹೇಳಿದ್ದರು, ಆದರೆ ಪಾಪ, ಅವರು ಎಂ.ಬಿ.ಎ. ಓದಿರಲಿಲ್ಲ. ಕಂಪ್ಲಿಯ ಈಶ್ವರ್ ಓದಿದ, ಬರೆದ, ಉಂಡ. ಇದು ನಡೆದದ್ದೇ. ಇದರಲ್ಲಿ ಸುಳ್ಳಿನ ಹೊಟ್ಟು ಒಂದು ಹಿಡಿಯೂ ಇಲ್ಲ, ಬೇಕಾದರೆ ಮೊರದಲ್ಲಿ ಹಾಕಿ ಕೇರಿ ನೋಡಿ.

ಎರಡು ಸಾವಿರದ ಐದನೇ ಇಸವಿ. ಹೊಸಪೇಟೆಯಲ್ಲಿ ಅದಿರಿನ ಧೂಳಿಗೆ ಬಿಳಿ ಅಂಗಿ ಮಧ್ಯಾಹ್ನದೊಳಗೆ ಕೆಂಪಾಗುತ್ತಿದ್ದ ಕಾಲ. ನಿನ್ನೆ ಪಂಕ್ಚರ್ ಹಾಕುತ್ತಿದ್ದವನು ಇವತ್ತು ಚೀನಾಕ್ಕೆ ಹಡಗು ತುಂಬಿಸುತ್ತಿದ್ದ. ದೊಡ್ಡ ಹೋಟೆಲಿನಲ್ಲಿ ಚೀನಾದ ವ್ಯಾಪಾರಸ್ಥರು ಮಗ್ಗುಲಲ್ಲಿ ಅದಿರಿನ ಪುಡಿಯ ಚೀಲ ಇಟ್ಟುಕೊಂಡೇ ಇಡ್ಲಿ ತಿನ್ನುತ್ತಿದ್ದರು. ಅದೇ ಊರಿನಲ್ಲಿ, ಕಾಲೇಜಿನ ಎಂ.ಬಿ.ಎ. ತರಗತಿಯಲ್ಲಿ, ಈಶ್ವರ್ ಇಂಟರ್‌ನ್ಯಾಷನಲ್ ಬಿಸಿನೆಸ್ ಓದುತ್ತಿದ್ದ. ಅವನ ಅಪ್ಪ ಕೊಟ್ರಬಸಪ್ಪನವರಿಗೆ ಕಂಪ್ಲಿಯಲ್ಲಿ ಅಕ್ಕಿ ಗಿರಣಿ.

ಪಾಠ ಮಾಡುತ್ತಿದ್ದ ವಂದನಾ ಮೇಡಂ ಒಂದು ದಿನ ಅಸೈನ್‌ಮೆಂಟ್ ಕೊಟ್ಟರು. ಪರದೇಶದ ಕಂಪನಿಗೆ ಸರಕು ಮಾರುವ ಆಫರ್ ಪತ್ರ ಬರೆಯಬೇಕು. ಲೆಟರ್‌ಹೆಡ್ಡು, ಸೀಲು, ಸಹಿ ಎಲ್ಲ ಇರಬೇಕು. ಈಶ್ವರ್ ಅಪ್ಪನ ಕಪಾಟಿನಿಂದ ಗಿರಣಿಯ ಲೆಟರ್‌ಹೆಡ್ ತಂದ. ಮೇಲೆ ಚಿತ್ರದಲ್ಲಿ ಬಸವಣ್ಣ ಮಲಗಿದ್ದ, ಕೆಳಗೆ ಈಶ್ವರ್ ಟೈಪ್ ಮಾಡಿಸಿದ: ನಲವತ್ತು ಸಾವಿರ ಟನ್ ಕಬ್ಬಿಣದ ಅದಿರು ಕೊಡಲು ಸಿದ್ಧರಿದ್ದೇವೆ. ಮೇಡಂ ಹತ್ತಕ್ಕೆ ಹತ್ತು ಕೊಟ್ಟರು.

ಅಲ್ಲಿಗೆ ಬಿಟ್ಟಿದ್ದರೆ ಕಥೆಯೇ ಇಲ್ಲ. ಚೀನಾದವರ ಉತ್ತರ ಬಂದರೆ ಕ್ಲಾಸಿನಲ್ಲಿ ತೋರಿಸಬಹುದು ಅಂತ ಹುಡುಗನಿಗೆ ಆಸೆ ಹುಟ್ಟಿತು. ಹೋಟೆಲಿನಲ್ಲಿ ಸಿಕ್ಕ ವಿಸಿಟಿಂಗ್ ಕಾರ್ಡಿನ ವಿಳಾಸ ಬರೆದು, ಪತ್ರದ ಇನ್ನೊಂದು ಪ್ರತಿಗೆ ಸಹಿ ಹಾಕಿ, ಗೆಳೆಯ ಸುಮಧ್ವನ ಕೈಗಿಟ್ಟ. ಸುಮಧ್ವನ ಮನೆ ಪೋಸ್ಟಾಫೀಸಿನ ಹಿಂದೆಯೇ.

"ಏರ್‌ಮೇಲ್ ಮಾಡ್ಸಲೇ, ಮರೀಬ್ಯಾಡ."

"ಲೇ ಸಾವ್ಕಾರ, ನಾಳೆ ನಿನ್ ಹಡಗಿನ್ಯಾಗ ನನಗೊಂದು ಕಿಟಕಿ ಸೀಟ್ ಇಡು," ಎಂದ ಸುಮಧ್ವ. ಹಾಗೆನ್ನುವಾಗ ಅವನ ಗಂಟಲಿನಿಂದ ಹೊರಟದ್ದು ಮರಿಯಮ್ಮನಹಳ್ಳಿ ಬಸ್ಸಿನ ಕಂಡಕ್ಟರನ ದನಿ. ಪ್ರಿನ್ಸಿಪಾಲರ ಕೆಮ್ಮಿನಿಂದ ಹಿಡಿದು ರೈಲ್ವೆ ಸ್ಟೇಷನ್ನಿನ ಮೈಕಿನವರೆಗೆ ಅವನಿಗೆ ಬಾರದ ದನಿ ಇರಲಿಲ್ಲ.

ಇಪ್ಪತ್ತು ದಿನವಾಯಿತು. ಗುರುವಾರ ಈಶ್ವರನ ಹೊಸ ಮೊಬೈಲ್ ಗುಂಯ್‌ಗುಟ್ಟಿತು. ಯಾವುದೋ ಗುರುತಿಲ್ಲದ ನಂಬರು.

"ಮಿಸ್ಟರ್ ಈಶ್ವರಾ? ಚೆನ್ನೈಯಿಂದ ಶಿಪ್ಪಿಂಗ್ ಏಜೆಂಟ್ ಮಾತಾಡ್ತಿರೋದು, ಸಾರ್. ಚೀನಾ ಪಾರ್ಟಿ ನಿಮ್ಮ ಆಫರ್ ಒಪ್ಪಿಯಾಚ್ಚು. ಕಂಗ್ರಾಜುಲೇಷನ್ಸ್, ಸಾರ್!"

ಫೋನು ಕಟ್ಟಾಯಿತು. ಬೇರೆಯವನಾಗಿದ್ದರೆ ಕುಣಿಯುತ್ತಿದ್ದನೋ ಏನೋ. ಈಶ್ವರ್ ಕ್ಲಾಸಿಗೆ ಮೊದಲಿಗ. ಆಫರ್ ಕೊಟ್ಟು, ಎದುರಿನವನು ಒಪ್ಪಿದರೆ ಅದು ಕಾಂಟ್ರಾಕ್ಟ್, ಮುರಿದರೆ ಕೋರ್ಟು. ಇದನ್ನು ಎದ್ದು ನಿಂತು ಹೇಳಿ ಚಪ್ಪಾಳೆ ಗಿಟ್ಟಿಸಿದವನು ಅವನೇ. ಓದಿದ ಪಾಠ ಈಗ ಅವನ ಎದೆಯ ಮೇಲೆ ಕೂತಿತು. ಪತ್ರದ ಮೇಲಿರುವುದು ಅವನ ಹೆಸರಲ್ಲ, ಅಪ್ಪನ ಗಿರಣಿಯ ಹೆಸರು.

ಸುಮಧ್ವನಿಗೆ ಹೇಳೋಣವೆಂದರೆ ಅವನು ಮಂತ್ರಾಲಯಕ್ಕೆ ಹೋಗಿದ್ದ. ಹಾಗಂತ ಹೇಳಿ ಹೋಗಿದ್ದ.

ಶುಕ್ರವಾರ ಮತ್ತೆ ಫೋನು. "ಹಡಗು ಹೊರಟಾಚ್ಚು, ಸಾರ್. ಎಲ್ಲಿ ನಿಮ್ಮ ಅದಿರು?"

ಅದಿರಿನ ಊರಿನಲ್ಲಿ ಅದುರುತ್ತ ನಿಂತವನು ಅವನೊಬ್ಬನೇ ಇರಬೇಕು. ಸಂಡೂರು ಕಡೆಯಿಂದ ಬರುವ ಒಂದೊಂದು ಲಾರಿಯೂ ತನ್ನನ್ನೇ ಹುಡುಕಿಕೊಂಡು ಬಂದಂತೆ ಕಂಡಿತು. ಮೆಸ್ಸಿನಲ್ಲಿ ಅನ್ನದ ತಟ್ಟೆ ಮುಂದೆ ಬಂದರೆ ಗಿರಣಿಯ ಬಾಗಿಲಿಗೆ ಅಂಟಿಸಿದ ನೋಟಿಸು ಕಾಣುತ್ತಿತ್ತು.

ಶನಿವಾರದ ಫೋನು ಚಿಕ್ಕದಿತ್ತು. "ಸೋಮವಾರ ಬೆಳಿಗ್ಗೆ ನಾನೇ ಕಂಪ್ಲಿಗೆ ಬರ್ತೀನಿ. ಗಿರಣಿ ನೋಡಬೇಕು."

ಸೋಮವಾರ ಮೊದಲ ಬಸ್ಸಿಗೆ ಈಶ್ವರ್ ಕಂಪ್ಲಿಗೆ ಹೊರಟ. ಬಿಳಿ ಕಾರೊಂದು ಬಸ್ಸನ್ನು ದಾಟಿ ಮುಂದೆ ಹೋಯಿತು. ಏಜೆಂಟನೇ! ಬುಕ್ಕಸಾಗರದ ಹತ್ತಿರ ಆ ಕಾರು ನಿಂತಿತ್ತು, ಅದರಿಂದ ಇಳಿದ ಇಬ್ಬರು ಹೆಂಗಸರು ಬಾಳೆಹಣ್ಣು ಚೌಕಾಸಿ ಮಾಡುತ್ತಿದ್ದರು. ಆದರೂ ಅವನ ಬೆವರು ಆರಲಿಲ್ಲ.

ಗಿರಣಿಯಲ್ಲಿ ಕೊಟ್ರಬಸಪ್ಪನವರು ಪಕ್ಕದ ಮೆಟ್ರಿ ಊರಿನಿಂದ ಬಂದ ಭತ್ತದ ಒಂದು ಕಾಳನ್ನು ಹಲ್ಲಿಗೆ ಹಾಕಿ ಕಟ್ ಅನ್ನಿಸಿ ಹಸಿ ನೋಡುತ್ತಿದ್ದರು. ಮೂವತ್ತು ವರ್ಷ ಅವರ ವ್ಯಾಪಾರವೆಲ್ಲ ಹಲ್ಲಿನ ಮೇಲೆ ಮತ್ತು ನಾಲಿಗೆಯ ಮೇಲೆ. ಲೆಟರ್‌ಹೆಡ್ಡಿನ ಕಟ್ಟು ಬಿಚ್ಚಿದ್ದೇ ಕಡಿಮೆ.

"ಅಪ್ಪಾ, ಒಂದು ತಪ್ಪು ಮಾಡೀನಿ." ಈಶ್ವರ್ ಎಲ್ಲ ಹೇಳಿದ. ಬೈಗುಳ ಬೀಳಲಿ ಎಂದು ಕಾಯುತ್ತಿದ್ದ. ಬೀಳಲಿಲ್ಲ, ಅದೇ ಹೆಚ್ಚು ಹೆದರಿಸಿತು.

"ನನ್ನ ಹೆಸರ್ಲೆ ಮಾತು ಕೊಟ್ಟಿ ಅಂದ್ರ ಕೊಟ್ಟಂಗ," ಎಂದರು ಅಪ್ಪ. "ಎಷ್ಟು?"

"ನಲವತ್ತು ಸಾವಿರ ಟನ್ನು."

"ಲಾರಿಗೆ ಹತ್ತು ಟನ್ ಹಿಡದ್ರ ನಾಕು ಸಾವಿರ ಲಾರಿ." ಕೊಟ್ರಬಸಪ್ಪನವರು ಅಂಗಳದ ಕಡೆ ನೋಡಿದರು. ಅಲ್ಲಿ ಎರಡು ಎತ್ತಿನ ಗಾಡಿ ನಿಂತಿದ್ದವು. ಈಶ್ವರನೂ ನೋಡಿದ. ಎತ್ತುಗಳು ಮಾತ್ರ ನಿಶ್ಚಿಂತೆಯಿಂದ ಮೆಲುಕು ಹಾಕುತ್ತಿದ್ದವು.

"ಆ ಕಾಗದದ ನಕಲು ಐತೇನು?"

ಈಶ್ವರ್ ಚೀಲದಿಂದ ಝೆರಾಕ್ಸ್ ತೆಗೆದು ಕೊಟ್ಟ. ಅಪ್ಪ ಕನ್ನಡಕ ಏರಿಸಿ, ಇಂಗ್ಲಿಷು ಬಿಟ್ಟು ಅಂಕಿಗಳನ್ನಷ್ಟೇ ಓದಿದರು. ಹುಬ್ಬು ಗಂಟಾಯಿತು.

"ಲೇ ಈಶಾ, ಇದರಾಗಿರೂದು ಗಿರಣಿ ಹಳೇ ಫೋನ್ ನಂಬರು. ಅದು ಸತ್ತು ಆರು ವರ್ಷ ಆತು. ನಿನ್ನ ಮೊಬೈಲ್ ನಂಬರು ಎಲ್ಲೈತಿ?"

"ಇಲ್ಲ. ಕಾಗದ ಬರ್ದಾಗ ಮೊಬೈಲ್ ತಗೊಂಡೇ ಇರ್ಲಿಲ್ಲ."

"ಮತ್ತ ಚೆನ್ನೈದಾಂವ ಹೆಂಗ ಹಚ್ಚಿದ? ಯಾರ್ಯಾರಿಗೆ ಕೊಟ್ಟಿ ನಂಬರು?"

"ಮನಿಗೆ. ಮತ್ತ... ಸುಮಧ್ವಗ."

ಆಗಲೇ ಜೇಬಿನಲ್ಲಿ ಫೋನು ಗುಂಯ್ ಎಂದಿತು. ಈಶ್ವರ್ ಹಾವು ಹಿಡಿದವನಂತೆ ಹೊರತೆಗೆದ. ಅಪ್ಪ ಕಸಿದುಕೊಂಡು, ಯಾವ ಗುಂಡಿ ಒತ್ತಬೇಕೆಂದು ಕೇಳಿ, ಒತ್ತಿದರು.

"ಹಲೋ ಸಾರ್, ಏಜೆಂಟ್ ಮಾತಾಡ್ತಿರೋದು. ಬಂದಾಚ್ಚು, ದಾರಿಯಲ್ಲಿ..."

"ಬರ್ರಿ, ಬರ್ರಿ. ನಿಮ್ಮ ಮಣ್ಣು ರೆಡಿ ಐತಿ. ಬರೋವಾಗ ಮಂತ್ರಾಲಯದ ಪ್ರಸಾದ ತರೂದು ಮರೀಬ್ಯಾಡ್ರಿ."

ಆ ಕಡೆ ಚೆನ್ನೈ ಮುಳುಗಿತು. ಅಪ್ಪಟ ಹೊಸಪೇಟೆ ತೇಲಿಬಂತು. "ಅಪ್ಪಾರ... ನಮಸ್ಕಾರ ರಿ. ನಾನು, ಸುಮಧ್ವ."

ಕೊಟ್ರಬಸಪ್ಪನವರ ಹೊಟ್ಟೆ ನಗುವಿಗೆ ಕುಲುಕತೊಡಗಿತು. ಆದರೆ ಈಶ್ವರನ ಮುಖಕ್ಕೆ ಬಣ್ಣ ಮರಳಲಿಲ್ಲ. ಏಜೆಂಟ್ ಸುಳ್ಳಿರಬಹುದು. ಕಾಗದ? ಅದು ನಿಜವಾಗಿ ಚೀನಾ ತಲುಪಿದ್ದರೆ? ಇವತ್ತಲ್ಲ ನಾಳೆ ನಿಜವಾದ ಏಜೆಂಟನೇ ಬಂದರೆ? ಅವನು ಫೋನು ಕಿತ್ತುಕೊಂಡ. "ಲೇ, ಆ ಕಾಗದ ಪೋಸ್ಟಿಗೆ ಹಾಕಿಯೇನು? ನಿಜ ಹೇಳು."

ಹೊಟ್ಟಿನ ಧೂಳು ಬಿಸಿಲಿನಲ್ಲಿ ನಿಧಾನ ಇಳಿಯುತ್ತಿತ್ತು. ಈಶ್ವರ್ ಫೋನನ್ನು ಕಿವಿಗೆ ಒತ್ತಿಕೊಂಡ.

"ಅದಾ... ನನ್ನ ಚೀಲದಾಗೇ ಐತಲೇ. ಅವತ್ತು ಪೋಸ್ಟಾಫೀಸ್‌ನ್ಯಾಗ ಪಾಳಿ ಭಾಳಿತ್ತು. ಹೊಳ್ಳಿ ಬಂದೆ. ಮೊನ್ನೆ ಚೀಲ ಜಾಡಿಸ್ದಾಗ ಸಿಕ್ತು, ಆಗೇ ಈ ಆಟ ಹೊಳೀತು. ಮೂರು ದಿನಕ್ಕ ಹಿಂಗ ಹೆದರ್ತಿ ಅಂತ ಗೊತ್ತಿರ್ಲಿಲ್ಲಪ. ಬೈಯಬ್ಯಾಡ..."

ಈಶ್ವರ್ ಬೈಯಲಿಲ್ಲ. ಭತ್ತದ ಚೀಲದ ಮೇಲೆ ಕುಸಿದು ಕೂತು ನಗತೊಡಗಿದ. ಅಪ್ಪ ನಕ್ಕರು, ಫೋನಿನೊಳಗೆ ಸುಮಧ್ವ ಹೆದರಿ ಹೆದರಿ ನಕ್ಕ, ಹಮಾಲರಿಗೆ ಏನೂ ಗೊತ್ತಾಗದಿದ್ದರೂ ನಕ್ಕರು. ಒಬ್ಬೊಬ್ಬರದೇ ನಗು ನಿಂತಿತು, ಈಶ್ವರನದು ನಿಲ್ಲಲಿಲ್ಲ. ಗಿರಣಿಯ ಸದ್ದಿಗಿಂತ ಮೇಲೆದ್ದ ಆ ನಗು ಕೇಳಿ ಎತ್ತುಗಳು ಕಿವಿ ನಿಮಿರಿಸಿದವು. ಅಕ್ಕಿ ಕೇರುತ್ತಿದ್ದ ಭೀಮವ್ವ ಮೊರ ಕೆಳಗಿಟ್ಟಳು.

"ಸಾವ್ಕಾರ್ರೇ, ಹುಡುಗಗ ಮೊದ್ಲು ಒಂದು ತಂಬಿಗಿ ನೀರು ಕೊಡ್ರಿ," ಎಂದಳು.

ನೀರು ಕೊಟ್ಟರು. ಅದನ್ನೂ ಮೂಗಿನಿಂದ ಚಿಮ್ಮಿಸಿ ಅವನು ಇನ್ನಷ್ಟು ಜೋರಾಗಿ ನಕ್ಕ.