ಗೆಸ್ಟ್ ಅಂದರೆ ಇನ್ನೊಂದು ರೊಟ್ಟಿ

ಮೆಂತ್ಯದ ಎಲೆಯೊಂದು ಹಾಳೆಗೆ ಅಂಟಿಕೊಂಡಿದೆ, ಹಸಿರು ಕಲೆ, ಇರಲಿ, ಬೆರಳು ಒರೆಸಿಕೊಂಡು ಬರೆಯುತ್ತೇನೆ, ಬಕೆಟ್ ಅಂದರೆ ನೀರು ತುಂಬಿಡುವುದು, ಪಿಲ್ಲೋ ಅಂದರೆ ತಲೆಗೆ ಮೆತ್ತಗಿರುವುದು, ಪ್ರಕಾಶನವೊಂದಕ್ಕೆ ನಾನು ಬರೆದುಕೊಡುವ ಚಿಕ್ಕ ಮಕ್ಕಳ ಇಂಗ್ಲಿಷ್ ಅರ್ಥಕೋಶ, ದಿನಕ್ಕೆ ಹತ್ತು ಶಬ್ದ, ಒಂಬತ್ತು ಮುಗಿದವು, ಹತ್ತನೆಯದು ಗೆಸ್ಟ್ — ಬೇಕೆಂದೇ ಕೊನೆಗೆ ಉಳಿಸಿಕೊಂಡಿದ್ದೇನೆ, ಮಗಳ ಕ್ಲಾಸಿನ ಕೇತಕಿ ಮಿಸ್‌ಗಾಗಿ. ಹೋದ ತಿಂಗಳು ಪಾಲಕರ ಸಭೆಯಲ್ಲಿ ಎದ್ದು ನಿಂತಳು, ಗೆಸ್ಟ್ ಅಂದರೆ ಯಾರು ಅಂತ ಕೇಳಿದರೆ ಈ ಪೂರ್ವಾ ಏನು ಬರೆದಿದ್ದಾಳೆ ನೋಡಿ ಎಂದು ಎಲ್ಲರೆದುರು ನನ್ನ ಮಗಳ ನೋಟ್ ವಹಿ ಓದಿದಳು, ಸಾಕು ಸಾಕು ಅಂದರೂ ಇನ್ನೊಂದು ರೊಟ್ಟಿ ಹಾಕಿಸಿಕೊಳ್ಳುವವರು, ಹಾಲ್ ತುಂಬ ನಗು, ಆ ಅರ್ಥ ನಾನೇ ಹೇಳಿಕೊಟ್ಟದ್ದು, ರೊಟ್ಟಿ ಬಡಿಯುತ್ತ, ಧಾರವಾಡದಿಂದ ಅತ್ತೆ ಬಂದಿದ್ದಾಗ, ಪೂರ್ವಾ ಕಿಲಕಿಲ ನಕ್ಕು ಕಲಿತದ್ದು — ಮನೆಯಲ್ಲಿ ತಾಯಿಗೇ ಇಂಗ್ಲಿಷ್ ಬರದಿದ್ದರೆ ಹೀಗೇ, ಎಂದಳು ಮಿಸ್, ಮೆತ್ತಗೆ, ತುಟಿಯ ಎಡಮೂಲೆ ಮಾತ್ರ ಮೇಲೆ ಹೋಯಿತು. ನಾನು ಮಗಳ ಜಡೆ ಸರಿಮಾಡಿದೆ, ಮನೆಗೆ ಬಂದು ಬೇಳೆ ತೊಳೆದೆ, ತೊಳೆದದ್ದನ್ನೇ ಮತ್ತೆ ತೊಳೆದೆ. ಜೂನ್ ಬರಲಿ, ಆ ಶಾಲೆ ಇದೇ ಪುಸ್ತಕ ತರಿಸುತ್ತಿದೆ, ಪ್ರಕಾಶನದ ಸಂಜು ಅವರೇ ಹೇಳಿದರು, ಓದಲಿ ಕೇತಕಿ, ನಲವತ್ತು ಮಕ್ಕಳ ಮುಂದೆ ನಿಂತು ನನ್ನ ರೊಟ್ಟಿಯನ್ನು ಗಟ್ಟಿಯಾಗಿ ಓದಲಿ, ಮಕ್ಕಳು ಒಕ್ಕೊರಲಿನಿಂದ ಅವಳ ಹಿಂದೆ ಹೇಳಲಿ, ತಪ್ಪಿದವರಿಂದ ಅವಳೇ ಹತ್ತು ಸಲ ಬರೆಸಲಿ, ವರ್ಷ ವರ್ಷವೂ ಬರೆಸಲಿ, ಸಂಜು ಅವರದು ಒಂದೇ ನಿಯಮ, ಪ್ರತಿ ಅರ್ಥವನ್ನೂ ಒಂದು ಮಗುವಿಗೆ ಕೇಳಿಸಬೇಕು, ಮಗು ಒಪ್ಪಿದರೆ ಟಿಕ್, ಅಷ್ಟೇ ತಾನೇ, ಪೂರ್ವಾ, ಬಾ ಬಂಗಾರಾ — ಬಂದಳು, ಒಂದೇ ಕಾಲಿಗೆ ಸಾಕ್ಸ್ — ಗೆಸ್ಟ್ ಅಂದ್ರ ಯಾರು, ಸಾಕ್ ಸಾಕ್ ಅಂದ್ರೂ... ಅರ್ಧಕ್ಕೆ ನಿಲ್ಲಿಸುತ್ತೇನೆ, ಉಳಿದರ್ಧ ಯಾವಾಗಲೂ ಅವಳದು, ಈಗ ನಗುತ್ತಾಳೆ, ನಗಬೇಕು, ನಗುವುದಿಲ್ಲ, ಕೈ ಕಟ್ಟಿ ನಿಲ್ಲುತ್ತಾಳೆ, ಅದು ಹಂಗಲ್ಲಮ್ಮಾ, ಎ ಪರ್ಸನ್ ಹೂ ವಿಸಿಟ್ಸ್ ಯು, ಮಿಸ್ ಹೇಳ್ಯಾರ, ನಿನಗ ಬರಂಗಿಲ್ಲ. ವಾಷಿಂಗ್ ಮೆಷಿನ್ ನಿಂತಿತು, ಬಟ್ಟೆ ಒಣಹಾಕಬೇಕು, ಟಿಕ್ ಹಾಕಬೇಕು, ಪೆನ್ನು ಕೈಯಲ್ಲೇ ಇದೆ, ಅವಳು ಹಾಳೆ ನೋಡುತ್ತಾಳೆ, ನನ್ನನ್ನು ನೋಡುತ್ತಾಳೆ, ಹಾಲಿನ ಗೆರೆ ಇನ್ನೂ ಒಣಗದ ಪುಟ್ಟ ತುಟಿ, ಎಡಮೂಲೆ, ಎಡಮೂಲೆ ಮಾತ್ರ ಮೇಲೆ —